ಕುರನೂರಿನ ಎರೆಹೊಲದಲ್ಲಿ ಮೂರು ಗಾಡಿಗಳು

ವಿಜಯಪುರದಿಂದ ಏಳು ಗಂಟೆಗೆ ಹೊರಡಬೇಕಿದ್ದ ಸೊಲ್ಲಾಪುರದ ಬಸ್ಸು ಏಳೂವರೆಗೆ ಹೊರಟಿತು. ಮಹಾರಾಷ್ಟ್ರದ ಕೆಂಪು ಬಸ್ಸು. ಕಂಡಕ್ಟರು ನನಗೆ ಗಡಿಯವರೆಗೆ ಪೂರ್ತಿ ಟಿಕೆಟ್ಟನ್ನೂ ಗಡಿ ದಾಟಿದ ಮೇಲೆ ಹೆಂಗಸರ ಅರ್ಧ ಟಿಕೆಟ್ಟನ್ನೂ ಕೊಟ್ಟರು. ನೂರು ಕಿಲೋಮೀಟರಿನ ದಾರಿ. ಸೆಪ್ಟೆಂಬರಿನ ಕೊನೆಯ ವಾರ, ಎಂಟು ದಿನಗಳಿಂದ ಬಿಟ್ಟು ಬಿಟ್ಟು ಮಳೆ. ಧೂಳಖೇಡ ದಾಟಿ ಭೀಮೆಯ ಸೇತುವೆಯ ಮೇಲೆ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಒಂದು ಬದಿಗೆ ವಾಲಿ ಕೆಳಗೆ ನೋಡಿದರು. ಹೊಳೆ ಹಾಲು ಹೆಚ್ಚಾದ ಚಹದ ಬಣ್ಣಕ್ಕೆ ತಿರುಗಿ ದಡ ತುಂಬಿ ಹರಿಯುತ್ತಿತ್ತು.

ನಾನು ವಿಜಯಪುರದಲ್ಲಿ ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಶಾಲೆ ನಡೆಸುತ್ತಿದ್ದೇನೆ. ವಾರಪತ್ರಿಕೆಯೊಂದಕ್ಕೆ ಗಾಡಿಗಳ ಬಗ್ಗೆ ಬರೆಯುತ್ತೇನೆ; ಹೆಚ್ಚಾಗಿ ಸಣ್ಣ ಕಾರುಗಳು, ಮೈಲೇಜು, ಬ್ರೇಕಿನ ಸಂಗತಿ. ಈ ಪ್ರಯಾಣಕ್ಕೆ ಕಾರಣಳಾದವಳು ವೈಶಾಲಿ. ವಿಜಯಪುರದಲ್ಲಿ ಡಾಕ್ಟರಿಕೆ ಓದುವಾಗ ನನ್ನ ಬಳಿ ಗಾಡಿ ಕಲಿತಿದ್ದಳು. ಈಗ ಸೊಲ್ಲಾಪುರದಲ್ಲಿ ಎಲುಬಿನ ಡಾಕ್ಟರು. ಹದಿನೈದು ದಿನಗಳ ಹಿಂದೆ ಫೋನು ಮಾಡಿ, "ಟೀಚರ್, ನಾವು ಮೂರು ಮಂದಿ ದೋಸ್ತರು ಜಗಳಾಡಾಕತ್ತೀವ್ರಿ. ಮೂವರ ಕಡೀನೂ ನಾಲ್ಕೂ ಗಾಲಿಗೆ ತಾಕತ್ತಿರೋ ದೊಡ್ಡ ಗಾಡಿ ಅದಾವ. ರಸ್ತಾ ಇಲ್ಲದಲ್ಲಿ ಯಾರ ಗಾಡಿ ಮುಂದ ಅಂತ ನೀವ ಬಂದು ತೀರ್ಪು ಹೇಳ್ರಿ," ಎಂದಿದ್ದಳು. ಅಂಥ ಗಾಡಿಗಳ ಬೆಲೆಯಲ್ಲಿ ನಮ್ಮ ಓಣಿಯಲ್ಲಿ ಎರಡು ಮನೆ ಬರುತ್ತವೆ. ನಾನು ಅವನ್ನು ಮುಟ್ಟಿಯೂ ನೋಡಿರಲಿಲ್ಲ. ಅದಕ್ಕೇ ಒಪ್ಪಿಕೊಂಡೆ.

ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ವೈಶಾಲಿಯ ಜೊತೆ ಮೂವರು ದೋಸ್ತರಲ್ಲಿ ಇನ್ನೊಬ್ಬರಾದ ಅಂಬಾದಾಸರೂ ಬಂದಿದ್ದರು. ಅವರದು ಟವೆಲ್ಲಿನ ಕಾರ್ಖಾನೆ. ಮನೆಮಾತು ತೆಲುಗು, ವ್ಯವಹಾರ ಮರಾಠಿ, ನನ್ನ ಜೊತೆ ಕನ್ನಡ. ಊಟಕ್ಕೆ ಮೊದಲು ಕಾರ್ಖಾನೆಗೆ ಕರೆದೊಯ್ದರು. ಇಪ್ಪತ್ತು ಮಗ್ಗಗಳು ಒಟ್ಟಿಗೆ ಓಡುವ ಆ ಕೋಣೆಯಲ್ಲಿ ಮಾತು ಕೇಳುವುದಿಲ್ಲ. ಕೆಲಸದವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಹೊರಗೆ ಬಂದ ಮೇಲೂ ಬಹಳ ಹೊತ್ತು ಕಿವಿಯಲ್ಲಿ ಖಟಪಟ. ಗರಿಗರಿಯಾದ ಕಟಕ ಭಕ್ಕರಿ, ಶೇಂಗಾ ಚಟ್ನಿ, ಎಣ್ಣೆ ತೇಲುವ ಬದನೆಕಾಯಿ ಉಂಡು ಮಧ್ಯಾಹ್ನ ಮೂರಕ್ಕೆ ಅಕ್ಕಲಕೋಟೆಯ ಕಡೆ ಹೊರಟೆವು. ನಲವತ್ತು ಕಿಲೋಮೀಟರು, ಚೆಂದದ ಅಗಲ ರಸ್ತೆ.

ಗಾಡಿಗಳ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬಣ್ಣದಿಂದ ಕರೆದರೆ ಸಾಕು. ವೈಶಾಲಿಯದು ಬಿಳಿ, ಹೊಚ್ಚ ಹೊಸದು, ಒಳಗೆ ಕೂತರೆ ನೆಲದ ಮೇಲಿದ್ದೇವೆ ಎನ್ನಿಸದು. ಅಂಬಾದಾಸರದು ಬೆಳ್ಳಿ ಬಣ್ಣದ್ದು, ಹದಿನೈದು ವರ್ಷ ಹಳೆಯದು, ಬೇರೊಬ್ಬರ ಕೈಯಿಂದ ಎರಡು ತಿಂಗಳ ಹಿಂದೆ ಕೊಂಡದ್ದು. ಮೂರನೆಯದು ಹಸಿರು, ಕಬ್ಬಿಣದ ಕಪಾಟಿಗೆ ಗಾಲಿ ಹಚ್ಚಿದಂಥ ಚೌಕದ ಗಾಡಿ. ಅದರ ಯಜಮಾನ ಮಲ್ಲಿನಾಥ ನಮಗಾಗಿ ಅಕ್ಕಲಕೋಟೆಯ ಹತ್ತಿರದ ಕುರನೂರಿನ ಹೊರಗೆ ತಮ್ಮ ಹೊಲದ ಮನೆಯ ಮುಂದೆ ಕಾಯುತ್ತಿದ್ದರು. ನೂರಾರು ಎಕರೆ ತೊಗರಿ, ಕಬ್ಬು ಇರುವ ಮನೆತನ. ಬೋರಿ ಹೊಳೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅವರ ಹೊಲದ ಕೊನೆಯಿಂದ ಕಾಣುತ್ತದೆ. "ಬರ್ರಿ ಬಾಯಾರ," ಎಂದು ಕೈ ಮುಗಿದರು. "ನೀವು ನನ್ನ ಸೋಲ್ಸಿದ್ರೂ ನಡೀತದ. ಆದ್ರ ಡಾಕ್ಟರ್ ಬಾಯಾರನ್ನ ಮಾತ್ರ ಗೆಲ್ಸಬ್ಯಾಡ್ರಿ. ಆಮ್ಯಾಲ ನಮಗ ಜೀವನಾನ ಸಾಕಾಗ್ತದ."

ಮರುದಿನ ಮೋಡವಿತ್ತು, ಮಳೆ ಇರಲಿಲ್ಲ. ಪರೀಕ್ಷೆಗೆ ಮಲ್ಲಿನಾಥರ ಹೊಲದ ಅಂಚಿನ ಹಳೆಯ ಗರಸಿನ ಖಣಿಯನ್ನು ಗೊತ್ತು ಮಾಡಿದ್ದರು. ರಸ್ತೆಗೆ ಹಾಕುವ ಕೆಂಪು ಗರಸು ಅಗೆದು ಬಿಟ್ಟ ತಗ್ಗು, ಎರಡು ಅಂತಸ್ತಿನ ಮನೆ ಹಿಡಿಸುವಷ್ಟು ಆಳ. ಇಳಿಯಲು ಒಂದು ಜಾರು, ಏರಲು ಅದಕ್ಕಿಂತ ಕಡಿದಾದ ಇನ್ನೊಂದು. ಮೂರೂ ಗಾಡಿಗಳನ್ನು ನಾನೇ ಓಡಿಸಬೇಕೆಂದು ನಿಶ್ಚಯವಾಗಿತ್ತು.

ಮೊದಲು ಬಿಳಿ. ವೈಶಾಲಿ ಪಕ್ಕದಲ್ಲಿ ಕೂತು ಒಂದು ಗುಂಡಿ ಒತ್ತಿದಳು. ಮಲಗಿದ ಒಂಟೆ ಏಳುವ ಹಾಗೆ ಗಾಡಿ ನಿಧಾನವಾಗಿ ಒಂದು ಗೇಣು ಮೇಲೆದ್ದಿತು. ಸ್ಪ್ರಿಂಗಿನ ಜಾಗದಲ್ಲಿ ಗಾಳಿಯ ಚೀಲಗಳಿವೆಯಂತೆ. ಖಣಿಯ ಬಾಯಿಗೆ ಬಂದಾಗ ಮುಂದೆ ನೆಲವೇ ಕಾಣಲಿಲ್ಲ, ಆಕಾಶ ಮಾತ್ರ. ಆದರೆ ಎದುರಿನ ಪರದೆಯಲ್ಲಿ ಗಾಡಿಯ ಮೂತಿಯ ಕೆಳಗಿನ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. "ಈಗ ಎರಡೂ ಕಾಲು ತೆಗೀರಿ ಟೀಚರ್," ಎಂದಳು ವೈಶಾಲಿ.

"ಬ್ರೇಕ್?"

"ಅದ ಹಿಡೀತದ."

ಇಳಿಜಾರಿನಲ್ಲಿ ಬ್ರೇಕಿನಿಂದ ಕಾಲು ತೆಗೆದ ಹುಡುಗರಿಗೆ ನಾನು ಇಪ್ಪತ್ತಾರು ವರ್ಷ ಬೈದಿದ್ದೇನೆ. ಆ ದಿನ ನಾನೇ ಕಾಲು ತೆಗೆದೆ. ಗಾಡಿ ಗರ್ ಗರ್ ಎನ್ನುತ್ತ, ಯಾವ ಗಾಲಿ ಜಾರಿತೋ ಅದನ್ನಷ್ಟೇ ಹಿಡಿದು, ಬಸುರಿ ಮೆಟ್ಟಿಲಿಳಿಯುವ ಹಾಗೆ ಎರಡು ಅಂತಸ್ತು ಇಳಿಯಿತು. ಕೆಳಗೆ ಮುಟ್ಟಿದ ಮೇಲೆ ನಾನು ಬಾಗಿಲು ತೆಗೆದು, ಇಳಿದು ಬಂದ ಜಾರನ್ನು ತಲೆಯೆತ್ತಿ ನೋಡಿದೆ. ಮನುಷ್ಯರು ಎಂಥದನ್ನು ಮಾಡಿಟ್ಟಿದ್ದಾರಲ್ಲ ಎಂದು ಮೈ ಜುಮ್ಮೆಂದಿತ್ತು.

ಹಸಿರು ಗಾಡಿಯ ಬೆರಗು ಬೇರೆ ಬಗೆಯದು. ಖಣಿಯ ತಳದಲ್ಲಿ ಮಲ್ಲಿನಾಥ ಎಡಕ್ಕೊಂದು ಬಲಕ್ಕೊಂದು ತಗ್ಗು ತೋಡಿಸಿದ್ದರು. ಅದರಲ್ಲಿ ಇಳಿದರೆ ಒಂದು ಮುಂಗಾಲಿ, ಒಂದು ಹಿಂಗಾಲಿ ಗಾಳಿಯಲ್ಲಿ ನಿಲ್ಲುತ್ತವೆ. ಯಾವ ಗಾಡಿಯಾದರೂ ಒಂದು ಗಾಲಿ ಗಾಳಿಯಲ್ಲಿದ್ದರೆ ಎಂಜಿನ್ನಿನ ಬಲವೆಲ್ಲ ಅಲ್ಲಿಗೇ ಹರಿದು ಅದು ಸುಮ್ಮನೆ ತಿರುಗುತ್ತದೆ, ನೆಲದ ಮೇಲಿನ ಗಾಲಿ ನಿಂತಿರುತ್ತದೆ. ಹಾಗೆಯೇ ಆಯಿತು. ಮಲ್ಲಿನಾಥ ಮೂರು ಗುಂಡಿಗಳನ್ನು ಒಂದಾದ ಮೇಲೊಂದು ಒತ್ತಿಸಿದರು. ಕೆಳಗೆಲ್ಲೋ ಠಕ್ ಎಂದಿತು. ನಾಲ್ಕೂ ಗಾಲಿಗಳು ಒಂದೇ ಸರಳಿಗೆ ಬೆಸೆದಂತಾಗಿ, ಗೋಡೆಗೆ ಉಡ ಅಂಟಿಕೊಂಡು ಏರುವ ಹಾಗೆ ಗಾಡಿ ತಗ್ಗಿನಿಂದ ಹೊರಬಂತು. ಎಂಜಿನ್ನಿನ ಸದ್ದು ಕೂಡ ಏರಲಿಲ್ಲ.

ಬೆಳ್ಳಿ ಗಾಡಿಯಲ್ಲಿ ಪರದೆಯಿಲ್ಲ, ಕ್ಲಚ್ಚಿದೆ. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಹಿಡಿಕೆ. ಅದನ್ನು ಎಳೆದರೆ ಗಾಡಿಯ ಗೇರುಗಳೆಲ್ಲ ಇನ್ನೂ ನಿಧಾನವಾಗುತ್ತವೆ, ಬಲ ಹೆಚ್ಚುತ್ತದೆ. ಎಂಜಿನ್ನು ಉಸಿರೆಳೆಯುವ ಕೊಳವೆಯನ್ನು, ಅದರೊಳಗೆ ನೀರು ಹೋಗದಿರಲೆಂದು, ಹಿಂದಿನ ಯಜಮಾನ ಚಾವಣಿಯ ಎತ್ತರಕ್ಕೆ ಏರಿಸಿ ಕೂಡಿಸಿದ್ದ. ಉಳಿದೆರಡು ಮಾಡಿದ್ದನ್ನೆಲ್ಲ ಇದೂ ಮಾಡಿತು, ಆದರೆ ಕುಲುಕಾಡಿ, ಸದ್ದು ಮಾಡಿ. ನಾನು ಇಳಿದ ಮೇಲೆ ಅಂಬಾದಾಸರು ತಾವೂ ಒಮ್ಮೆ ಏರಿಸುತ್ತೇನೆಂದು ಹೋಗಿ ಕಲ್ಲು ಹಾರಿಸಿ ಮೂರು ಸಲ ಜಾರಿ ಬಂದರು. "ನಿಮ್ಮ ಕಾಲು ಭಾಳ ಅವಸರ ಮಾಡ್ತದರಿ," ಎಂದೆ. ಅವರು ಮುಖ ಒರೆಸಿಕೊಂಡು ನಕ್ಕರು.

ಆಗಲೇ ಖಣಿಯ ಮೇಲಿನ ಅಂಚಿನಲ್ಲಿ ಇಬ್ಬರು ಹೆಂಗಸರು ಕೂತು ನೋಡುತ್ತಿರುವುದು ಕಂಡಿತು. ಸುತ್ತ ಕುರಿಗಳು. ಅರವತ್ತರ ಆಸುಪಾಸಿನ ಸಣ್ಣ ಮೈಯ ಒಬ್ಬಾಕೆ, ಜೊತೆಗೆ ಇಪ್ಪತ್ತು ದಾಟಿದ ಸೊಸೆ. ಚಹದ ಹೊತ್ತಿಗೆ ಅವರನ್ನೂ ಕರೆದೆವು. ಅತ್ತೆ ಮಾಳವ್ವ, ಸೊಸೆ ರುಕ್ಮಾ, ಮಂಗಳವೇಢೆಯ ಹತ್ತಿರದ ಮರವಡೆಯವರು. ಮಾಳವ್ವನ ಗಂಡ ಮತ್ತು ಮಗ ದೊಡ್ಡ ಹಿಂಡನ್ನೂ ಸಾಮಾನು ಹೊರುವ ಕುದುರೆಯನ್ನೂ ಹೊಡೆದುಕೊಂಡು ಮುಂದೆ ಹೋಗಿದ್ದರು. ಆಗತಾನೆ ಮರಿ ಹಾಕಿದ ಕುರಿಗಳನ್ನು ಕಟ್ಟಿಕೊಂಡು ಇವರಿಬ್ಬರು ಹಿನ್ನೀರಿನ ಪಕ್ಕದ ದಿನ್ನೆಯ ಮೇಲೆ ಹಟ್ಟಿ ಹಾಕಿದ್ದರು.

"ಈ ಗಾಡಿ ಎಲ್ಲಿಗಿ ಹೋಗ್ತಾವ್ರಿ?" ಎಂದು ಮಾಳವ್ವ ಮಲ್ಲಿನಾಥರನ್ನು ಕೇಳಿದಳು.

"ಎಲ್ಲಿಗಿ ಬೇಕಾದ್ರೂ ಹೋಗ್ತಾವ ಕಾಕು. ರಸ್ತಾ ಇಲ್ಲದಲ್ಲಿ."

"ರಸ್ತಾ ಇಲ್ಲದಲ್ಲಿ ಹೋಗಿ ಏನ್ ಮಾಡ್ತೀರಿ?"

ವೈಶಾಲಿ ನಕ್ಕು, "ತಿರುಗಿ ಬರ್ತೀವ್ರಿ," ಎಂದಳು. ಮಾಳವ್ವ ಅದನ್ನು ಸರಿಯಾದ ಉತ್ತರವೆಂದೇ ತಿಳಿದು ತಲೆಯಾಡಿಸಿದಳು.

ಸಂಜೆ ನನ್ನ ಟಿಪ್ಪಣಿಯ ವಹಿಯಲ್ಲಿ ಬಿಳಿ ಮುಂದಿತ್ತು, ಹಸಿರು ಅದರ ಹಿಂದೆ. ಕಪ್ಪು ಮಣ್ಣಿನ ಎರೆಹೊಲದ ಕೆಸರು ಮತ್ತು ನೀರಿನ ಪರೀಕ್ಷೆ ಮರುದಿನಕ್ಕೆ ಉಳಿದಿತ್ತು. ನಾವು ಮಲಗಿದ ಮೇಲೆ ಮಳೆ ಹಿಡಿಯಿತು. ಪತ್ರಾಸಿನ ತಗಡು ಚಾವಣಿಯ ಮೇಲೆ ಬೆಳತನಕ ಅದೇ ಸದ್ದು.

ಬೆಳಿಗ್ಗೆ ಆರೂವರೆಗೆ ಮಲ್ಲಿನಾಥರ ಮನೆಯ ಕಟ್ಟೆಯ ಮುಂದೆ ಮಾಳವ್ವ ನಿಂತಿದ್ದಳು. ತಲೆಗೆ ಕಂಬಳಿಯ ಕೊಪ್ಪೆ, ಸೀರೆ ತೊಡೆಯತನಕ ಕೆಸರು. ಏದುಸಿರಿತ್ತು, ಆದರೆ ಮಾತು ನಿಧಾನವಾಗಿತ್ತು.

"ಗೌಡ್ರ, ದಿನ್ನಿ ಸುತ್ತ ನೀರ ಬಂದದ. ನಾ ಬರೂವಾಗ ಹಳ್ಳ ಮೊಣಕಾಲತನಕ ಇತ್ತು. ಈಗ ಮ್ಯಾಲ ಬಂದಿರತದ. ಸೊಸಿ ಅಲ್ಲೇ ಅದಾಳ. ನಲ್ವತ್ತರ ಮ್ಯಾಲ ಮರಿ ಅದಾವ. ಕುರಿ ಈಸ್ತಾವ, ಮರಿ ಈಸಂಗಿಲ್ಲ. ಅಕೀಗೂ ಈಸು ಬರಂಗಿಲ್ಲ. 'ನೀ ಬಾ' ಅಂದ್ರ 'ಮರಿ ಬಿಟ್ಟು ಬರಂಗಿಲ್ಲ' ಅಂತಾಳ."

ಮಲ್ಲಿನಾಥ ಕೂಡಲೇ ತಹಶೀಲ್ದಾರರ ಕಚೇರಿಗೆ ಫೋನು ಹಚ್ಚಿದರು. ಅಕ್ಕಲಕೋಟೆಯಿಂದ ದೋಣಿ ಕಳಿಸುತ್ತೇವೆ, ಆದರೆ ನಡುವಿನ ರಸ್ತೆಯ ಮೇಲೆ ನೀರಿದೆ, ಹೊತ್ತಾಗುತ್ತದೆ ಎಂದು ಉತ್ತರ ಬಂತು. ವೈಶಾಲಿ ಅಷ್ಟರಲ್ಲಿ ಬಿಳಿ ಗಾಡಿಯ ಬಾಗಿಲು ತೆಗೆದಿದ್ದಳು. "ನನ್ನ ಗಾಡಿ ಮೂರು ಫೂಟ ನೀರಾಗ ಹೋಗ್ತದ. ಕೂಡ್ರಿ ಕಾಕು."

ಉಳಿದವರು ಹಸಿರು, ಬೆಳ್ಳಿ ಗಾಡಿಗಳಲ್ಲಿ ಹಿಂದೆ ಹೊರಟೆವು. ಹೊಲದ ಮನೆಯಿಂದ ಹಳ್ಳಕ್ಕೆ ಅರ್ಧ ಮೈಲು. ಮೊದಲು ಗರಸಿನ ಏರು, ಆಮೇಲೆ ಮುನ್ನೂರು ಹೆಜ್ಜೆ ಎರೆಹೊಲ, ಆಮೇಲೆ ಹಳ್ಳ, ಅದರಾಚೆ ದಿನ್ನೆ. ಏರಿನ ತುದಿಯಿಂದ ದಿನ್ನೆ ಚೆನ್ನಾಗಿ ಕಾಣುತ್ತಿತ್ತು: ಬೂದು ನೀರಿನ ನಡುವೆ ರಾಶಿ ಮಾಡುವ ಒಂದು ಕಣದಷ್ಟು ನೆಲ, ಒಂದು ಜಾಲಿಗಿಡ, ಒತ್ತೊತ್ತಾಗಿ ಕುರಿಗಳು, ನಡುವೆ ಕೆಂಪು ಸೀರೆಯ ರುಕ್ಮಾ. ಆಕೆ ಕೈ ಬೀಸಲಿಲ್ಲ. ಎರಡೂ ಕಂಕುಳಲ್ಲಿ ಮರಿಗಳಿದ್ದವು.

ಬಿಳಿ ಗಾಡಿ ಎರೆಹೊಲಕ್ಕಿಳಿಯಿತು. ಮಾಳವ್ವ ಒಳಗಿನಿಂದ ಏನೋ ಕೂಗಿದ್ದು ಕೇಳಿಸಿತು, ಅಷ್ಟರಲ್ಲಿ ಅದು ಅರವತ್ತು ಹೆಜ್ಜೆ ಹೋಗಿತ್ತು. ಎರೆಮಣ್ಣು ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಅಂಟಾಗುತ್ತದೆ. ಬಿಳಿ ಗಾಡಿಯ ಅಗಲವಾದ ಟೈರುಗಳ ಗೀರುಗಳಲ್ಲಿ ಅದು ತುಂಬಿ, ಟೈರುಗಳು ಹೊಸ ಗಡಿಗೆಯ ಹಾಗೆ ನುಣ್ಣಗಾದವು. ನಾಲ್ಕೂ ಗಾಲಿ ಜಾಣತನದಿಂದ ಸರದಿಯಂತೆ ತಿರುಗಿದವು, ತಿರುಗಿದಷ್ಟೂ ಇಳಿದವು. ವೈಶಾಲಿ ಬಾಗಿಲು ತೆಗೆದು ಕಾಲಿಟ್ಟಾಗ ಚಪ್ಪಲಿ ಕೆಸರಲ್ಲೇ ಉಳಿಯಿತು. ಮಲ್ಲಿನಾಥ ಹಸಿರು ಗಾಡಿ ಇಳಿಸಲು ಹೊರಟರು. ಅಷ್ಟರಲ್ಲಿ ಬಿಳಿ ಗಾಡಿಯಿಂದಿಳಿದು ಏರಿಗೆ ಮರಳಿದ್ದ ಮಾಳವ್ವ ಅಡ್ಡ ನಿಂತಳು.

"ಬ್ಯಾಡ್ರಿ. ಅದೂ ಕೂಡ್ತದ. ಇದು ದಾರಿ ಅಲ್ಲ."

"ಮತ್ತ ನೀ ಹ್ಯಾಂಗ ಬಂದಿ ಕಾಕು?"

ಮಾಳವ್ವ ಎಡಕ್ಕೆ ಕೈ ತೋರಿಸಿದಳು. ನನಗೆ ಅಲ್ಲಿಯೂ ಅದೇ ಕಪ್ಪು ಹೊಲವೇ ಕಂಡಿತು. "ಅಲ್ಲಿ ಕರಿಕಿ ಹುಲ್ಲು ಬೆಳದದ ನೋಡ್ರಿ, ಪಟ್ಟಿ ಎಳದಂಗ. ಅದರ ತೆಳಗ ಕಲ್ಲ ಅದ. ಮೊದಲ ಎತ್ತಿನ ಚಕ್ಕಡಿ ಹೋಗು ದಾರಿ ಅದು. ನೀರಾಗೂ ಹಂಗ ಹೋಗ್ಯದ." ಆಮೇಲೆ ಆಕೆ ಹಸಿರು ಮತ್ತು ಬೆಳ್ಳಿ ಗಾಡಿಗಳ ಸುತ್ತ ಒಂದು ಸುತ್ತು ಬಂದು, ಬೆಳ್ಳಿ ಗಾಡಿಯ ಟೈರಿಗೆ ಕೋಲು ತಾಗಿಸಿದಳು. "ಇದರ ಕಾಲು ಸಣ್ಣ ಅದಾವ. ಕೆಸರ ಸೀಳಿ ಕಲ್ಲ ಹಿಡೀತಾವ. ಎತ್ತಿನ ಕಾಲಿನಗತೆ. ಇದ ಬರ್ಲಿ. ನಾ ಮುಂದ ನಡೀತೀನಿ. ನನ್ನ ಹಿಂದ, ನನ್ನಷ್ಟ ಸಾವಕಾಶ ಬರ್ಬೇಕು."

ಸಣ್ಣ ಟೈರು ಕೆಸರನ್ನು ಕತ್ತರಿಸಿ ಗಟ್ಟಿ ತಳ ಮುಟ್ಟುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಆಕೆ ಎತ್ತಿನ ಕಾಲು ನೋಡಿ ತಿಳಿದಿದ್ದಳು.

ಅಂಬಾದಾಸರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ನೀವ ನಡಸ್ರಿ ಅಕ್ಕಾರ. ನನ್ನ ಕಾಲು ಸುಮ್ನಿರಂಗಿಲ್ಲ. ನಿನ್ನೆ ನೋಡೀರಲ್ಲ." ನಾನು ಹತ್ತಿ ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ವೈಶಾಲಿ ಗಾಡಿ ಎಳೆಯುವ ಅಗಲದ ಪಟ್ಟಿಯ ಒಂದು ತುದಿಯನ್ನು ಮಾಳವ್ವನ ಸೊಂಟಕ್ಕೆ ಕಟ್ಟಿ ಇನ್ನೊಂದನ್ನು ಗಾಡಿಯ ಮುಂದಿನ ಕೊಕ್ಕೆಗೆ ಸಿಕ್ಕಿಸಿದಳು. ಮಾಳವ್ವನಿಗೆ ಅದು ಇಷ್ಟವಾಗಲಿಲ್ಲ, ಡಾಕ್ಟರು ಬಿಡಲಿಲ್ಲ.

ಗಿಡ್ಡ ಹಿಡಿಕೆ ಎಳೆದೆ, ಒಂದನೆಯ ಗೇರು ಹಾಕಿದೆ, ಕ್ಲಚ್ಚು ಬಿಟ್ಟೆ. ಪೆಡಲುಗಳಿಂದ ಎರಡೂ ಕಾಲು ತೆಗೆದು ಗಾಡಿಯ ತಳದ ಮೇಲೆ ಊರಿದೆ. ಎಂಜಿನ್ನು ತನ್ನಷ್ಟಕ್ಕೆ ಗುಡುಗುಡು ಎನ್ನುತ್ತ, ಎರಡೂಕಾಲು ಟನ್ನಿನ ಗಾಡಿ ಮುದುಕಿಯ ನಡಿಗೆಯಷ್ಟೇ ವೇಗದಲ್ಲಿ ಹೊರಟಿತು. ಆಕೆ ಕೋಲು ಚುಚ್ಚಿ ನೋಡುತ್ತಿದ್ದಳು, ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದಳು, ನಾನು ಸ್ಟಿಯರಿಂಗನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸುತ್ತಿದ್ದೆ. ಟೈರು ಕೆಸರಲ್ಲಿ ಗೇಣುದ್ದ ಇಳಿಯಿತು. ಆಮೇಲೆ ಕೆಳಗಿನಿಂದ ಕಟಕ್ ಎಂದು ಕಲ್ಲು ತಾಗಿದ್ದು ಸೀಟಿನವರೆಗೂ ಬಂತು. ಇಳಿಯುವುದು ನಿಂತಿತು. ಮುನ್ನೂರು ಹೆಜ್ಜೆಯುದ್ದಕ್ಕೂ ಆ ಕಲ್ಲು ತಪ್ಪಲಿಲ್ಲ.

ಹಳ್ಳದ ಅಂಚಿನಲ್ಲಿ ಮಾಳವ್ವ ಕೊಪ್ಪೆ ತೆಗೆದಿಟ್ಟು, ಹಿಂದಿರುಗಿ ಒಮ್ಮೆ ನನ್ನ ಮುಖ ನೋಡಿ ನೀರಿಗಿಳಿದಳು. ಮೊಣಕಾಲು, ತೊಡೆ. ಹಿನ್ನೀರು ಎದುರಿನಿಂದ ಒತ್ತುತ್ತಿದ್ದುದರಿಂದ ಸೆಳೆತ ಹೆಚ್ಚಿರಲಿಲ್ಲ. ಬಾಗಿಲ ಕೆಳಗಿನಿಂದ ನೀರು ಜಿನುಗಿ ನನ್ನ ಪಾದ ಮುಟ್ಟಿತು. ಬಾನೆಟ್ಟಿನ ಮುಂದೆ ನೀರು ಬಿಲ್ಲಿನ ಹಾಗೆ ಬಾಗಿ ಸರಿಯುತ್ತಿತ್ತು. ನಾನು ಅದನ್ನು ನೋಡಲಿಲ್ಲ. ಆಕೆಯ ಬೆನ್ನ ಮೇಲಿನ ಹಸಿರು ರವಿಕೆಯ ಹೊಲಿಗೆಯೊಂದನ್ನೇ ನೋಡುತ್ತ ಹೋದೆ. ನಲವತ್ತು ಹೆಜ್ಜೆಯ ಹಳ್ಳ. ಮುಂದಿನ ಗಾಲಿ ದಿನ್ನೆಯನ್ನೇರಿದಾಗ ಬೆವರಿನಿಂದ ಕಣ್ಣು ಮಂಜಾಗಿತ್ತು.

ರುಕ್ಮಾ ಕೈಯಲ್ಲಿದ್ದ ಎರಡು ಮರಿಗಳನ್ನು ಕಿಟಕಿಯಿಂದ ನನ್ನ ತೊಡೆಯ ಮೇಲಿಟ್ಟಳು. ಅಷ್ಟು ಬೆಚ್ಚಗಿನ, ಅಷ್ಟು ನಡುಗುವ ವಸ್ತುವನ್ನು ನಾನು ಎತ್ತಿಕೊಂಡದ್ದಿಲ್ಲ. ಹಿಂದಿನ ಸೀಟು ಮಡಿಚಿ, ಗಾಡಿ ಒರೆಸಲೆಂದು ಅಂಬಾದಾಸರು ತಂದಿದ್ದ ಹೊಸ ಟವೆಲ್ಲುಗಳನ್ನು ಹಾಸಿ, ಹದಿನೆಂಟು ಮರಿ ತುಂಬಿದೆವು.

"ಅತ್ತಿ, ತಾಯಿ ಕುರಿ?" ಎಂದಳು ರುಕ್ಮಾ.

"ಬರ್ತಾವ. ಒಂದು ಮರಿ ಹಿಂದಿನ ಖಿಡಕಿಯಾಗ ಕಾಣೂವಂಗ ಇಡು."

ಗಾಡಿ ತಿರುಗಿ ನೀರಿಗಿಳಿದಾಗ ಒಳಗೆ ಹದಿನೆಂಟು ಮರಿ ಒದರುತ್ತಿದ್ದವು. ದಿನ್ನೆಯ ಮೇಲೆ ಕುರಿಗಳು ಅಂಚಿಗೆ ಬಂದು, ಹಿಂದೆ ಸರಿದು, ಮತ್ತೆ ಬಂದು ಒದರಿದವು. ಕುರಿ ನೀರೆಂದರೆ ಹೆದರುವ ಪ್ರಾಣಿ. ಕನ್ನಡಿಯಲ್ಲಿ ನೋಡುತ್ತಿದ್ದಂತೆ ಒಂದು ಕಪ್ಪು ಕುರಿ ಹಾರಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ, ಗಾಡಿಯ ಹಿಂದೆ ನೀರು ಶಾಂತವಾದ ಜಾಗದಲ್ಲಿ ಬರೀ ಮೂತಿಗಳು, ಮೇಲಕ್ಕೆತ್ತಿದ ಮೂತಿಗಳು, ಸಾಲಾಗಿ ಈಸಿ ಬರುತ್ತಿದ್ದವು. ನಾನು ಆ ಎರಡು ದಿನಗಳಲ್ಲಿ ಕಂಡ ಯಾವ ಯಂತ್ರದ ಬಲವೂ ಅದರ ಮುಂದೆ ನಿಲ್ಲಲಾರದು.

ಗರಸಿನ ಏರಿನ ಮೇಲೆ ಮಲ್ಲಿನಾಥ ಹಸಿರು ಗಾಡಿಯ ಹೀಟರು ಹಚ್ಚಿ ಕಾಯುತ್ತಿದ್ದರು. ಚರ್ಮದ ಸೀಟುಗಳ ಮೇಲೆ ಮರಿಗಳನ್ನಿಟ್ಟು, ಅಂಬಾದಾಸರು ಒಂದೊಂದನ್ನೂ ಕೂಸನ್ನು ಒರೆಸುವ ಹಾಗೆ ಒರೆಸಿದರು. ಎರಡನೆಯ ಸಲ ಇಪ್ಪತ್ತು ಮರಿ ತಂದೆವು. ಆಗ ನೀರು ಮಾಳವ್ವನ ತೊಡೆ ದಾಟಿತ್ತು.

ಮೂರನೆಯ ಸಲ ಹೊರಡುವಾಗ ನಾನು ಆಕೆಯನ್ನು, "ಈ ಸಲ ಒಳಗ ಕೂಡ್ರಿ ಅವ್ವಾ. ನನಗ ದಾರಿ ತಿಳದದ," ಎಂದೆ.

"ನಿನಗ ನನ್ನ ಬೆನ್ನ ತಿಳದದ ತಂಗಿ. ದಾರಿ ನನಗ ತಿಳದದ," ಎಂದು ಮುಂದೆ ನಡೆದಳು.

ದಿನ್ನೆ ಆಗ ಅರ್ಧ ಮುಳುಗಿತ್ತು. ಉಳಿದ ಐದಾರು ಮರಿ, ಏಳಲಾರದ ಎರಡು ಬಾಣಂತಿ ಕುರಿ, ಕಾಳಿನ ಚೀಲ ಏರಿಸಿದ ಮೇಲೆ ರುಕ್ಮಾ ಮನೆದೇವರು ಬೀರೋಬನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಳು. ತಿರುಗಿ ಬರುವಾಗ ಹಳ್ಳದ ನಡುವೆ ನೀರು ಮಾಳವ್ವನ ಸೊಂಟಕ್ಕಿತ್ತು. ಗಾಡಿಯ ಹಿಂಭಾಗ ಹಗುರಾಗಿ ಅಡ್ಡಕ್ಕೆ ತುಸು ತೇಲಿದ್ದು ತಿಳಿಯಿತು. ಅದೇ ಗಳಿಗೆಗೆ ಮಾಳವ್ವ ಕಾಣಲಿಲ್ಲ. ಕೋಲು ಮಾತ್ರ ನೀರಿನ ಮೇಲೆ ತೇಲುತ್ತಿತ್ತು.

ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿದ್ದು ನಾನಲ್ಲ, ಇಪ್ಪತ್ತಾರು ವರ್ಷದ ಅಭ್ಯಾಸ. ಗಾಡಿ ನಿಂತಿತು. ಪಟ್ಟಿ ಬಿಗಿಯಾಯಿತು. "ಅತ್ತಿ," ಎಂದು ರುಕ್ಮಾ ಒಮ್ಮೆ ಅಂದಳು, ಬಹಳ ಸಣ್ಣ ದನಿಯಲ್ಲಿ. ಬಾನೆಟ್ಟಿನ ಮುಂದೆ ಮೊದಲು ಒಂದು ಕೈ ಬಂತು, ಮುಂದಿನ ಕಬ್ಬಿಣ ಹಿಡಿಯಿತು. ಆಮೇಲೆ ತಲೆ. ಮಾಳವ್ವ ಕೆಮ್ಮಿ, ಮುಖದ ನೀರು ಸವರಿ, ಕಾಲಿನಿಂದ ಕೆಳಗೆ ತಡಕಾಡಿದಳು. ನಮ್ಮ ಕಡೆ ನೋಡದೆ ಬಲಗೈ ಎತ್ತಿ ಒಂದು ಗೇಣಿನಷ್ಟು ಬಲಕ್ಕೆ ಎಂದು ಸನ್ನೆ ಮಾಡಿದಳು. ಮತ್ತೆ ನಡೆದಳು. ನಾನು ಕ್ಲಚ್ಚು ಬಿಟ್ಟೆ.

ದಡ ಸೇರಿದ ಮೇಲೆ ವೈಶಾಲಿ ಮಾಳವ್ವನ ಎದೆಗೆ ಕಿವಿಯಿಟ್ಟು ಕೇಳಿ, ಕಾಲು ಮುಟ್ಟಿ ನೋಡಿ, "ಎಲುಬು ಛಲೋ ಅದಾವ ಕಾಕು. ನನ್ನಕಿಂತಾ ಛಲೋ," ಎಂದಳು. ಮಾಳವ್ವ ಮರಿ ಎಣಿಸುವುದರಲ್ಲಿದ್ದಳು. ಎಲ್ಲ ಇದ್ದವು. ದೋಣಿಯವರು ಹನ್ನೊಂದರ ಹೊತ್ತಿಗೆ ಬಂದು, ಮುಳುಗಿದ ದಿನ್ನೆಯ ಜಾಲಿಗಿಡವನ್ನು ನೋಡಿ, ನಮ್ಮ ಜೊತೆ ಚಹ ಕುಡಿದು ಹೋದರು. ಬಿಳಿ ಗಾಡಿಯನ್ನು ಸಂಜೆ ಏರಿನ ಮೇಲಿಂದ ಎರಡು ಟ್ರ್ಯಾಕ್ಟರುಗಳು ಎಳೆದು ತೆಗೆದವು. ವೈಶಾಲಿಯ ಚಪ್ಪಲಿ ಸಿಗಲಿಲ್ಲ.

ಊಟಕ್ಕೆ ಕೂತಾಗ ಮಲ್ಲಿನಾಥ ಕೇಳಿದರು: "ಮತ್ತ ಬಾಯಾರ, ತೀರ್ಪು?"

ನಾನು ಇದ್ದದ್ದನ್ನು ಹೇಳಿದೆ. ಗರಸಿನ ಇಳಿಜಾರಿನಲ್ಲಿ ಬಿಳಿಗೆ ಸರಿಸಾಟಿಯಿಲ್ಲ. ಗಾಲಿ ಗಾಳಿಗೇಳುವ ತಗ್ಗಿನಲ್ಲಿ ಹಸಿರು ಮುಂದು. ನೆನೆದ ಎರೆಹೊಲದಲ್ಲಿ ಮೂರೂ ಒಂದೇ. ತಳದಲ್ಲಿ ಕಲ್ಲಿದ್ದರೆ ಸಣ್ಣ ಟೈರಿನ ಬೆಳ್ಳಿ ಗಾಡಿ. ಕಲ್ಲು ಎಲ್ಲಿದೆಯೆಂದು ಹೇಳುವ ಗುಂಡಿ ಮೂರರಲ್ಲೂ ಇಲ್ಲ. ಅಂಬಾದಾಸರು ಶೇಂಗಾ ಹೋಳಿಗೆ ನನ್ನ ಕಡೆ ಸರಿಸಿದರು.

ನಾಲ್ಕನೆಯ ದಿನ ಬಿಸಿಲು ಬಿತ್ತು. ಸೊಲ್ಲಾಪುರಕ್ಕೆ ಹೊರಡುವ ಮೊದಲು ನಾನೊಬ್ಬಳೇ ಏರು ದಾಟಿ, ಗಾಲಿಯ ಜಾಡು ಹಿಡಿದು ಹಳ್ಳದ ಅಂಚಿಗೆ ಹೋದೆ. ಹಳ್ಳ ಇಳಿದಿತ್ತು. ತಿಳಿಯಾದ ನೀರಿನಡಿ ಚಕ್ಕಡಿಯ ದಾರಿ ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಒರಟು ಕಲ್ಲುಗಳನ್ನು ಒತ್ತಿ ಹಾಸಿದ ಪಟ್ಟಿ, ಒಂದು ಚಕ್ಕಡಿ ಹಿಡಿಸುವಷ್ಟೇ ಅಗಲ. ಎರಡೂ ಕಡೆ ನೆಲವಿರಲಿಲ್ಲ. ಹಳ್ಳ ಕೊರೆದ ಕಪ್ಪು ತಗ್ಗುಗಳು, ಗಾಡಿಯೇ ಮುಳುಗುವಷ್ಟು ಆಳ. ನಡುವೆ ಒಂದು ಕಲ್ಲು ಕಿತ್ತುಹೋಗಿತ್ತು. ಮಾಳವ್ವ ಕಾಲು ಜಾರಿದ್ದು ಅಲ್ಲಿಯೇ ಇರಬೇಕು. ಅದರ ಪಕ್ಕದ ಪಾಚಿಯ ಮೇಲೆ ಟೈರು ಉಜ್ಜಿದ ಗುರುತು ಅಂಚಿನಿಂದ ನಾಲ್ಕು ಬೆರಳು ದೂರದಲ್ಲಿತ್ತು. ಅಲ್ಲೇ ಕೂತುಬಿಟ್ಟೆ.

ಮಾಳವ್ವ, ರುಕ್ಮಾ ಹಿಂಡು ಹೊಡೆದುಕೊಂಡು ಏರಿನ ಕೆಳಗೆ ಹೊರಟಿದ್ದರು, ಗಂಡಸರು ಹೋದ ದಿಕ್ಕಿಗೆ. ನಾನು ಓಡಿ ಹೋಗಿ ಕೇಳಿದೆ: "ಅವ್ವಾ, ಎರಡೂ ಕಡೆ ತಗ್ಗ ಇತ್ತಲ್ಲ. ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ತಗ್ಗ ನೋಡ್ತಿದ್ದಿ," ಎಂದಳು. ಆಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಛಲೋ ನಡಸ್ತಿ ತಂಗಿ. ನನ್ನ ಹಿಮ್ಮಡಿ ಮುಟ್ಟಲಿಲ್ಲ. ಮರವಡಿಗಿ ಬಾ," ಎಂದು ನಿಲ್ಲದೆ ಮುಂದೆ ಹೋದಳು. ಕುರಿಗಳ ಸಾಲು ತೊಗರಿ ಹೊಲದ ಬದುವಿನಾಚೆ ತಿರುಗಿತು. ಸ್ವಲ್ಪ ಹೊತ್ತು ಮರಿಗಳ ದನಿ ಕೇಳುತ್ತಿತ್ತು.

ಅಂಬಾದಾಸರು ದೂರದಿಂದ ಹಾರ್ನು ಬಾರಿಸಿದರು. ಹೊರಡುವ ಮುನ್ನ ಮತ್ತೊಮ್ಮೆ ಎರೆಹೊಲದ ಕಡೆ ತಿರುಗಿ ನೋಡಿದೆ. ಮೂರು ಸಲ ಹೋಗಿ ಮೂರು ಸಲ ಬಂದಿದ್ದರೂ ಕೆಸರಿನಲ್ಲಿ ಗಾಲಿಯ ಜಾಡುಗಳು ಎರಡೇ ಇದ್ದವು, ಹಳ್ಳದ ತನಕ ನೆಟ್ಟಗೆ. ಅವುಗಳ ನಡುವೆ, ಒಂದೂ ಅಳಿಯದೆ, ಬರಿಗಾಲಿನ ಹೆಜ್ಜೆಗಳು. ಒಂದೊಂದು ಹೆಜ್ಜೆಯಲ್ಲೂ ಒಂದು ಹಿಡಿ ನೀರು ನಿಂತು, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.